ಕಿವಿಯಣ್ಣನಿಗೆ ಮಾತ್ರ ಕೇಳಿಸದ ಬರ್ರೆಂಬ ಸದ್ದು

ಕೆಟ್ಟದ್ದನ್ನು ಕಂಡರೆ ಮರುಗುವವನು, ಮರುಗಿ ಸುಮ್ಮನಿರದೆ ಸ್ಕ್ರೂಡ್ರೈವರನ್ನು ಕೈಗೆತ್ತಿಕೊಳ್ಳುವವನು. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸುವವನು, ಜೋಡಿಸಿದ ಮೇಲೆ ಮೇಜಿನ ಮೇಲೆ ಒಂದು ತಿರುಪೂ ಮಿಗದಂತೆ ನೋಡಿಕೊಳ್ಳುವವನು. ನುಡಿಯಲ್ಲಿ ಮಿತನು, ಊಟದಲ್ಲಿ ಅಮಿತನು, ನಿದ್ದೆಯಲ್ಲಿ ನಿಶ್ಚಿಂತನು. "ಇದರ ಮೇಲೆ ಒಂದು ಹನಿ ನೀರೂ ಬಿದ್ದಿಲ್ಲ" ಎಂದು ಆಣೆಯಿಡುವ ಗಿರಾಕಿಯ ರೇಡಿಯೋ ಪೆಟ್ಟಿಗೆಯಿಂದ ಚಹಾ ತೊಟ್ಟಿಕ್ಕುತ್ತಿದ್ದರೂ "ಹವೆಯಲ್ಲಿ ತೇವ ಜಾಸ್ತಿ, ನೋಡಿ" ಎಂದು ಆತನ ಮಾನವನ್ನು ಕಾಯುವ ಕರುಣಾಳು. ಆಗದ ಕೆಲಸವನ್ನು ಆಗದೆಂದೇ ಹೇಳುವ ಪೂರ್ಣ ಸತ್ಯವಂತನು, ಆಗುವ ಕೆಲಸವನ್ನು ನಾಳೆ ಆಗುತ್ತದೆಂದು ಹೇಳಿ ನಾಳಿದ್ದು ಮಾಡಿಕೊಡುವ ಸಾಧಾರಣ ಸತ್ಯವಂತನು. ಹೆಂಡತಿಯ ತಾಯಿಯ ಮಾತಿಗೆ ಎದುರಾಡದ ಜಾಣನು. ಇಂತು ಒಂದು ಬೀದಿಗೆಲ್ಲ ಹಂಚಿದರೂ ಮಿಗುವಷ್ಟು ಗುಣಗಳನ್ನು ಒಬ್ಬನಲ್ಲೇ ತುಂಬಿದ ಭಗವಂತನು, ಇನ್ನೂ ಸ್ವಲ್ಪ ಜಾಗ ಉಳಿದಿರುವುದನ್ನು ಕಂಡು, ತಲೆಯ ಎರಡು ಪಕ್ಕಗಳಲ್ಲಿ ಎರಡು ವಿಶಾಲವಾದ ಕಿವಿಗಳನ್ನು ಇಟ್ಟನು. ಆ ಕಿವಿಗಳ ದೆಸೆಯಿಂದ ಪೇಟೆಯವರೆಲ್ಲ ಅವನನ್ನು ಕಿವಿಯಣ್ಣನೆಂದು ಕರೆದರು. ತಂದೆತಾಯಿ ಇಟ್ಟ ಹೆಸರು ಅಂಗಡಿಯ ಬೋರ್ಡಿನ ಮೇಲೆ ಇತ್ತಾದರೂ, ಬಿಸಿಲಿಗೆ ಬಣ್ಣ ಹಾರಿದ ಆ ಅಕ್ಷರಗಳನ್ನು ಓದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ.

ಅವನ ಅಂಗಡಿಯು ಒಂದು ಕ್ಷೌರದಂಗಡಿಗೂ ಒಂದು ಬೀಗದ ಕೈ ಮಾಡುವ ಅಂಗಡಿಗೂ ನಡುವೆ, ಎರಡು ದಪ್ಪ ಪುಸ್ತಕಗಳ ನಡುವೆ ಸಿಕ್ಕಿಕೊಂಡ ತೆಳ್ಳನೆಯ ಪುಸ್ತಕದಂತೆ ನಿಂತಿತ್ತು. ಒಳಗೆ ಹೋಗುವವರು ಹೊಟ್ಟೆಯನ್ನು ಒಳಗೆಳೆದುಕೊಂಡು ಅಡ್ಡಡ್ಡಲಾಗಿಯೇ ಹೋಗಬೇಕು. ಗೋಡೆಯುದ್ದಕ್ಕೂ ಬಾಯಿ ಕಟ್ಟಿದ ಸ್ಪೀಕರುಗಳು, ಗಂಟಲು ಕೆಟ್ಟ ರೇಡಿಯೋಗಳು, ಹೊಟ್ಟೆ ಬಿಚ್ಚಿಸಿಕೊಂಡು ಮಲಗಿದ ಆಂಪ್ಲಿಫೈಯರುಗಳು. ಬೆಸುಗೆಯ ಹೊಗೆಯ ವಾಸನೆ ಅಲ್ಲಿಂದ ಹಬ್ಬಿ, ಪಕ್ಕದಲ್ಲಿ ಗಡ್ಡ ಹೆರೆಸಿಕೊಂಡವರ ಕೆನ್ನೆಗೂ ಅಂಟುತ್ತಿತ್ತು. ಟೀವಿಯನ್ನಾಗಲಿ ಫ್ರಿಜ್ಜನ್ನಾಗಲಿ ಅವನು ಮುಟ್ಟಿದವನಲ್ಲ. ಸದ್ದು ಕೆಟ್ಟಿರಬೇಕು, ಹಾಡುವ ಪೆಟ್ಟಿಗೆಯೊಂದು ಹಾಡಿನ ನಡುವೆ ಗೊರಗುಟ್ಟಬೇಕು, ಕರಕರ ಎನ್ನಬೇಕು, ಬರ್ರೆನ್ನಬೇಕು. ಆಗಲೇ ಅವನ ಕಣ್ಣು ಬೆಳಗುವುದು.

ಅವನು ಪರೀಕ್ಷೆ ಮಾಡುವ ರೀತಿಯೇ ಬೇರೆ. ಮೊದಲು ಹಾಡು ಹಾಕುವನು. ಆಮೇಲೆ ಕಣ್ಣು ಮುಚ್ಚುವನು. ಆಮೇಲೆ ವೈದ್ಯನು ರೋಗಿಯ ನಾಡಿ ಹಿಡಿಯುವಂತೆ, ಒಂದು ಅಂಗೈಯನ್ನು ಪೆಟ್ಟಿಗೆಯ ನೆತ್ತಿಗೂ ಇನ್ನೊಂದನ್ನು ಬೆನ್ನಿಗೂ ಭದ್ರವಾಗಿ ಒತ್ತಿ, ಉಸಿರು ಬಿಗಿಹಿಡಿದು ನಿಲ್ಲುವನು. ಗಿರಾಕಿಯೂ ತನಗೆ ಗೊತ್ತಿಲ್ಲದೆಯೇ ಉಸಿರು ಬಿಗಿಹಿಡಿಯುವನು. ಇಬ್ಬರ ಮುಖವೂ ಕೆಂಪಾಗುವ ಹೊತ್ತಿಗೆ ಕಿವಿಯಣ್ಣ ಕಣ್ಣು ತೆರೆದು, "ಸ್ಪೀಕರಿನ ಕಾಗದ ಹರಿದಿದೆ" ಎಂದೋ "ತಂತಿ ಸಡಿಲ" ಎಂದೋ ತೀರ್ಪು ಕೊಡುವನು. ಅಂಗೈಯಿಡದೆ ಅವನು ಒಂದು ಪೆಟ್ಟಿಗೆಯ ಸದ್ದನ್ನೂ ಕೇಳಿದವನಲ್ಲ. ಹಾಗೆ ಕೇಳಬಹುದೆಂಬ ಯೋಚನೆಯೂ ಅವನಿಗೆ ಬಂದಿರಲಿಲ್ಲ.

ಮನೆಯ ಹಜಾರದಲ್ಲಿ ಅವನದೇ ಒಂದು ಸ್ಟೀರಿಯೋ ಇತ್ತು. ಯಾರೋ ಬೇಡವೆಂದ ಆಂಪ್ಲಿಫೈಯರು, ಇನ್ಯಾರೋ ಬಿಟ್ಟುಹೋದ ಟೇಪು, ಮರದ ಹಲಗೆಗಳನ್ನು ತಾನೇ ಕೊಯ್ದು ಕೂಡಿಸಿದ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆಗಳು. ಎಡದ ಪೆಟ್ಟಿಗೆಗೆ ಒತ್ತಿ ಅವನ ಕುರ್ಚಿ. ಸಂಜೆ ಅಂಗಡಿಯಿಂದ ಬಂದವನು ಆ ಕುರ್ಚಿಯಲ್ಲಿ ಕೂತು, ಸಾಕಿದ ನಾಯಿಯ ಬೆನ್ನ ಮೇಲೆ ಕೈಯಿಡುವವರಂತೆ ಪೆಟ್ಟಿಗೆಯ ಬೆನ್ನ ಮೇಲೆ ಕೈಯಿಟ್ಟು ಹಾಡು ಕೇಳುವನು. ಪೇಟೆಯಲ್ಲಿ ಎಲ್ಲರ ಪೆಟ್ಟಿಗೆಯೂ ಕೆಡಬಹುದು, ಇದು ಕೆಡದು ಎಂಬುದು ಅವನ ನಂಬಿಕೆ.

ಒಂದು ದಿನ ಊಟಕ್ಕೆ ಕೂತಾಗ ಅವನ ಹೆಂಡತಿ ಹೇಳಿದಳು:

"ರೀ, ನಿಮ್ಮ ಪೆಟ್ಟಿಗೆಗೆ ಏನೋ ಆಗಿದೆ. ಮಧ್ಯಾಹ್ನ ಹಾಡು ಹಾಕಿದ್ರೆ ಬರ್ರ್ ಅನ್ನುತ್ತೆ."

ಕಿವಿಯಣ್ಣನ ತುತ್ತು ಬಾಯಿಗೂ ತಟ್ಟೆಗೂ ನಡುವೆ ನಿಂತಿತು. "ಯಾರ ಪೆಟ್ಟಿಗೆ?"

"ನಿಮ್ಮದೇ. ಆ ಎಡಗಡೇದು."

"ನನ್ನ ಪೆಟ್ಟಿಗೆ? ಬರ್ರ್ ಅಂತಾ?"

"ನಾನೇನು ಅದರ ಮೇಲೆ ಚಾಡಿ ಹೇಳ್ತಿದೀನಾ? ಬೇಕಾದ್ರೆ ಅಮ್ಮನ್ನ ಕೇಳಿ."

ಅಮ್ಮನೆಂದರೆ ಕಿವಿಯಣ್ಣನ ಅತ್ತೆ. ಕಿಟಕಿಯ ಪಕ್ಕದಲ್ಲಿ ಕೂತು ದಿನವೆಲ್ಲ ಉಣ್ಣೆಯ ಸ್ವೆಟರು ಹೆಣೆಯುವ ವೃದ್ಧೆ. ಬಾಗಿಲನ್ನು ಒಡೆದುಹೋಗುವಂತೆ ಬಡಿದರೂ ಆಕೆಗೆ ಕೇಳಿಸುವುದು ಅನುಮಾನ. ಆದರೆ ಒಮ್ಮೆ ಒಂದು ಮಾತು ಹೇಳಿದಳೆಂದರೆ, ಬ್ರಹ್ಮನೇ ಇಳಿದು ಬಂದು ಬೇಡಿದರೂ ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ.

ಕಿವಿಯಣ್ಣ ಕೈ ತೊಳೆದು ಬಂದು, ಹಾಡು ಹಾಕಿ, ಕಣ್ಣು ಮುಚ್ಚಿ, ಅಂಗೈಗಳನ್ನು ಒತ್ತಿದನು. ಹಾಡು ತೊಳೆದ ಗಾಜಿನಂತೆ ತಿಳಿಯಾಗಿ ಕೇಳಿಸಿತು.

"ಎಲ್ಲಿದೆ ಬರ್ರ್?"

"ಈಗ ಇಲ್ಲ," ಎಂದಳು ಹೆಂಡತಿ, ತಾನೇ ಬೆರಗಾಗಿ.

"ಇದೆ, ಇದೆ," ಎಂದಳು ಅತ್ತೆ, ಹೆಣಿಗೆಯಿಂದ ತಲೆಯೆತ್ತದೆ. "ನನಗೆ ಕೇಳಿಸ್ತಾನೇ ಇದೆ, ಅಳಿಯಂದ್ರೇ."

ಮುಂದಿನ ರಜೆಯ ದಿನ ಅವನು ಪೆಟ್ಟಿಗೆಯ ಮೇಲೆ ಯುದ್ಧ ಸಾರಿದನು. ವಾಲ್ಯೂಮಿನ ಗುಂಡಿಯನ್ನು ಕಳಚಿ ಸ್ಪಿರಿಟ್ಟಿನಲ್ಲಿ ತೊಳೆದನು. ಮುಂದಿನ ಜಾಲರಿ ತೆಗೆದು, ಟಾರ್ಚ್ ಹಿಡಿದು ಸ್ಪೀಕರಿನ ಕಾಗದದಲ್ಲಿ ಕೂದಲೆಳೆಯಷ್ಟು ಸೀಳಾದರೂ ಇದೆಯೇ ಎಂದು ಹುಡುಕಿದನು. ಒಂದು ಸತ್ತ ಜಿರಳೆ ಸಿಕ್ಕಿತು, ಸೀಳು ಸಿಗಲಿಲ್ಲ. ಆಂಪ್ಲಿಫೈಯರಿನ ಮುಚ್ಚಳ ತೆಗೆದು, ಬೆಸುಗೆಗಳನ್ನೆಲ್ಲ ಕರಗಿಸಿ ಹೊಸದಾಗಿ ಹಾಕಿದನು. ಕೊನೆಗೆ ದೋಷ ಪೆಟ್ಟಿಗೆಯದೋ ಆಂಪ್ಲಿಫೈಯರಿನದೋ ಎಂದು ತಿಳಿಯುವುದಕ್ಕಾಗಿ ಎಡದ ತಂತಿಯನ್ನು ಬಲಕ್ಕೂ ಬಲದ ತಂತಿಯನ್ನು ಎಡಕ್ಕೂ ಸಿಕ್ಕಿಸಿದನು. ಆಗ ಅಡುಗೆಮನೆಯಿಂದ ಹೆಂಡತಿಯ ದೂರು ಬಂದಿತು:

"ರೀ, ಹಾಡೋವಳು ಆ ಮೂಲೆಗೆ ಹೋದ್ಲು, ಪಿಟೀಲಿನವನು ನನ್ನ ಪಕ್ಕಕ್ಕೆ ಬಂದು ಕೂತ. ಗುರುತಿಲ್ಲದ ಗಂಡಸು, ವಾಪಸ್ ಕಳಿಸಿ!"

ಪ್ರತಿಯೊಂದು ಕೆಲಸವಾದ ಮೇಲೂ ಅವನು ಹಾಡು ಹಾಕಿ, ಅಂಗೈ ಒತ್ತಿ ಆಲಿಸುವನು. ಪ್ರತಿ ಸಲವೂ ಸದ್ದು ನಿರ್ಮಲ. ನೀರು ಕುಡಿಯಲೆಂದು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರೆ, ಹಜಾರದಿಂದ "ಬಂತು! ಈಗ ಬಂತು! ಬನ್ನಿ!" ಎಂದು ಹೆಂಡತಿ ಕೂಗುವಳು. ಅವನು "ತಡಿ, ತಡಿ, ಬಂದೆ, ಬಂದೆ, ಮುಟ್ಟಬೇಡ!" ಎಂದು ಅವಳಿಗಿಂತ ಜೋರಾಗಿ ಕೂಗುತ್ತ ಓಡಿಬರುವನು. ಆ ಕೂಗಿನಲ್ಲಿ ಬರ್ರೆಂಬುದು ಮುಳುಗಿಹೋಗುವುದು. ಕೂಗು ನಿಲ್ಲುವಷ್ಟರಲ್ಲಿ ಅವನ ಅಂಗೈಗಳು ಪೆಟ್ಟಿಗೆಯ ಮೇಲಿರುವುವು, ಕಣ್ಣು ಮುಚ್ಚಿರುವುದು, ಹಾಡು ನಿರ್ಮಲವಾಗಿರುವುದು.

"ಈಗ ಇದೆಯಾ?"

ಹೆಂಡತಿ ತಡವರಿಸುವಳು. "ಈಗ... ಇಲ್ಲ ಅನ್ಸುತ್ತೆ ರೀ."

"ಇದೆ, ಇದೆ," ಎನ್ನುವಳು ಅತ್ತೆ.

ಸಂಜೆಯ ಹೊತ್ತಿಗೆ ಕಿವಿಯಣ್ಣನ ಎದೆಯೊಳಗೆ ಒಂದು ತಣ್ಣನೆಯ ಸಂದೇಹ ಇಳಿಯಿತು. ಬಾಗಿಲು ಬಡಿದರೆ ಕೇಳಿಸದ ಅತ್ತೆಗೆ ಬರ್ರೆಂಬುದು ಕೇಳಿಸುತ್ತಿದೆ. ಅತ್ತೆಗೇ ಕೇಳಿಸುವುದು ತನಗೆ ಕೇಳಿಸುತ್ತಿಲ್ಲ. ಹೆಂಡತಿಯು ಇಲ್ಲವೆನ್ನುವಾಗ ತಡವರಿಸುತ್ತಾಳೆ. ಪಾಪ, ಗಂಡನ ಮೇಲಿನ ಮರುಕದಿಂದ ಸುಳ್ಳು ಹೇಳುತ್ತಿದ್ದಾಳೆ. ಅಂದರೆ ಕೆಟ್ಟಿರುವುದು ಪೆಟ್ಟಿಗೆಯಲ್ಲ. ಕೆಟ್ಟಿರುವುದು ಕಿವಿ.

ಮರುದಿನ ಅಂಗಡಿಯ ಬಾಗಿಲು ತೆಗೆಯುವುದಕ್ಕೂ ಮೊದಲು ಅವನು ಪಕ್ಕದ ಕ್ಷೌರಿಕನ ಬಳಿ ಹೋದನು. ಆ ಕ್ಷೌರಿಕನು ಅವನ ಬಾಲ್ಯದ ಗೆಳೆಯ. ಕತ್ತರಿ ನಿಂತರೂ ನಾಲಿಗೆ ನಿಲ್ಲದವನು.

"ಲೋ, ಒಂದು ಉಪಕಾರ ಮಾಡು. ನನ್ನ ಬೆನ್ನ ಹಿಂದೆ ನಿಂತು ಏನಾದ್ರೂ ಮೆಲ್ಲಗೆ ಹೇಳು."

ಕ್ಷೌರಿಕನು ಹಿಂದೆ ನಿಂತು, ಸ್ವಲ್ಪ ಹೊತ್ತು ನೋಡಿ, ಪಿಸುಗುಟ್ಟಿದನು: "ನಿನ್ನ ತಲೆ ಹಿಂದುಗಡೆ ಬಯಲಾಗ್ತಾ ಇದೆ."

"ಕೇಳಿಸ್ತು. ಬೇರೆ ಏನೂ ಸಿಗಲಿಲ್ವೇನೋ ನಿನಗೆ ಹೇಳೋಕೆ?"

"ಕಣ್ಣಿಗೆ ಬಿದ್ದಿದ್ದು ಹೇಳ್ದೆ. ಈಗೇನಾಗಿದೆ ನಿನಗೆ?"

ಕಿವಿಯಣ್ಣ ಸ್ಟೂಲಿನ ಮೇಲೆ ಕುಸಿದು ಎಲ್ಲವನ್ನೂ ಹೇಳಿದನು. "ಎಲ್ಲಾ ಕೇಳಿಸುತ್ತೆ ಕಣೋ. ನಿನ್ನ ಕತ್ತರಿ ಕೇಳಿಸುತ್ತೆ, ಆಚೆ ಅಂಗಡಿಯವನು ಅರ ಉಜ್ಜೋದು ಕೇಳಿಸುತ್ತೆ. ಬರ್ರ್ ಒಂದೇ ಕೇಳಿಸ್ತಿಲ್ಲ. ನನ್ನ ಹೊಟ್ಟೆಪಾಡೇ ಬರ್ರ್!"

"ನನಗೆ ಎಲ್ಲಾ ಕಾಣ್ಸುತ್ತೆ, ಕೂದಲೊಂದು ಕಾಣ್ಸಲ್ಲ ಅಂದಹಾಗಾಯ್ತು."

"ನಗಬೇಡ. ಮಧ್ಯಾಹ್ನ ನಮ್ಮನೆಗೆ ಹೋಗಿ ಕೇಳ್ಕೊಂಡು ಬಾ. ನೀನು ನನಗೋಸ್ಕರ ಸುಳ್ಳು ಹೇಳೋನಲ್ಲ."

ಕ್ಷೌರಿಕನು ಹೋದನು, ಬಿಸ್ಕತ್ತು ತಿಂದನು, ಹಾಡು ಕೇಳಿದನು, ಬಂದನು. ಅವನಿಗಾಗಿ ಕಾದು ಕೂತಿದ್ದ ಗಿರಾಕಿಯೊಬ್ಬನ ಕೆನ್ನೆಗೆ ನೊರೆ ಹಚ್ಚುತ್ತ ವರದಿ ಒಪ್ಪಿಸಿದನು. "ಇದೆ ಕಣಯ್ಯಾ. ಸೊಗಸಾಗಿ ಇದೆ. ಡ್ರಮ್ ಹೊಡೆದಾಗೆಲ್ಲಾ ಬರುತ್ತೆ."

"ಹೇಗಿದೆ? ಮಾಡಿ ತೋರಿಸು."

ಕ್ಷೌರಿಕನು ತುಟಿಗಳನ್ನು ಕೂಡಿಸಿ, ಕೆನ್ನೆ ಉಬ್ಬಿಸಿ, ನೀರು ಕುಡಿದ ಕುದುರೆಯಂತೆ "ಬ್ರ್ರ್ರ್ರ್" ಎಂದನು. ನೊರೆಯ ಗುಳ್ಳೆಗಳು ಹಾರಿ ಗಿರಾಕಿಯ ಮೂಗಿನ ತುದಿಯಲ್ಲಿ ಕೂತವು. "ಹಾಗಲ್ಲ ಸ್ವಾಮೀ," ಎಂದು ಗಿರಾಕಿಯೂ ಉತ್ಸಾಹದಿಂದ ಸೇರಿಕೊಂಡನು, "ನಮ್ಮನೇದು ಝ್ಝೀಂ ಅನ್ನುತ್ತೆ." ಕಿವಿಯಣ್ಣ ಮನೆಗೆ ಹೋಗಿ ಹೆಂಡತಿಯನ್ನು ಕೇಳಿದರೆ ಅವಳು ಹಲ್ಲುಗಳ ನಡುವೆ ಜೇನ್ನೊಣವೊಂದನ್ನು ಬಿಟ್ಟಂತೆ ಇನ್ನೊಂದು ಬಗೆ ಮಾಡಿ ತೋರಿಸಿದಳು. ಅತ್ತೆಯನ್ನು ಕೇಳಲಾಗಿ, ಆಕೆ ಗಂಟಲು ಸರಿಪಡಿಸಿಕೊಂಡು ಎಮ್ಮೆಯೊಂದು ಕರುವನ್ನು ಕರೆಯುವಂತೆ ದೀರ್ಘವಾಗಿ ಕೂಗಿದಳು. ಎದುರುಮನೆಯವರು ಕಿಟಕಿ ತೆರೆದು ಇಣುಕಿದರು. ಕಿವಿಯಣ್ಣ ಇವೆಲ್ಲವನ್ನೂ ಸ್ಪಷ್ಟವಾಗಿ ಕೇಳಿದನು. ಪೆಟ್ಟಿಗೆಯಿಂದ ಮಾತ್ರ ಇವುಗಳಲ್ಲಿ ಒಂದನ್ನೂ ಕೇಳಲಾರದೆ ಹೋದನು.

ಆ ವಾರವೇ ಹಾಡು ಕಲಿಸುವ ಮೇಡಂ ಒಬ್ಬರು ತಮ್ಮ ಪೆಟ್ಟಿಗೆಯನ್ನು ಹೊರಿಸಿಕೊಂಡು ಬಂದರು.

"ಏನ್ರೀ ಇದು? ಮೊನ್ನೆ ನೀವೇ ಕೈಯಿಟ್ಟು ಏನೂ ತೊಂದರೆಯಿಲ್ಲ ಅಂದಿರಿ. ಮನೆಗೆ ಹೋಗಿ ಹಾಕಿದ್ರೆ ಅದೇ ಬರ್ರ್! ಮಕ್ಕಳು ಪಾಠ ಬಿಟ್ಟು ಅದನ್ನೇ ಕಲೀತಿದಾರೆ."

ಕಿವಿಯಣ್ಣನ ಮುಖ ಬಿಳಚಿಕೊಂಡಿತು. ಇಲ್ಲಿಯೂ ಕೇಳಿಸಿರಲಿಲ್ಲ! ಇನ್ನು ಸಂದೇಹವೇ ಉಳಿಯಲಿಲ್ಲ. "ಮೇಡಂ, ದಯವಿಟ್ಟು ಬೇರೆಯವರ ಹತ್ರ ತೋರಿಸಿ."

"ಬೇರೆಯವರು ಯಾರಿದಾರೆ? ಎಲ್ಲರೂ ನಿಮ್ಮ ಹತ್ರಾನೇ ಕಳಿಸ್ತಾರೆ," ಎಂದು ಅವರು ಪೆಟ್ಟಿಗೆಯನ್ನು ಅಲ್ಲೇ ಇಳಿಸಿ ಹೊರಟುಹೋದರು.

ಆಮೇಲೆ ಬಂದವರನ್ನೆಲ್ಲ ಅವನು ಬರಿಗೈಯಲ್ಲಿ ಕಳುಹಿಸತೊಡಗಿದನು. ಬೆಸುಗೆಯ ಕಡ್ಡಿ ಮುಗಿದಿದೆ ಎಂದನು. ಭುಜ ಹಿಡಿದುಕೊಂಡಿದೆ ಎಂದನು. ಕೇಳಿಸದ ಕಿವಿಯಿಂದ ಇನ್ನೊಬ್ಬರ ಪೆಟ್ಟಿಗೆಗೆ ತೀರ್ಪು ಕೊಡುವುದು ಕುರುಡನು ಬಣ್ಣದ ಅಂಗಡಿ ಇಟ್ಟಂತೆ ಎಂದು ಅವನಿಗೆ ತೋರಿತು. ಬೆಳಗಿನ ಪ್ರಾರ್ಥನೆಯಲ್ಲಿಯೂ ಅದೇ ಬೇಡಿಕೆ: "ದೇವರೇ, ಕೋಗಿಲೆ ಕೇಳಿಸದಿದ್ದರೂ ಚಿಂತೆಯಿಲ್ಲ, ಕೊಳಲು ಕೇಳಿಸದಿದ್ದರೂ ಚಿಂತೆಯಿಲ್ಲ. ಒಂದೇ ಒಂದು ಬರ್ರ್ ಕೇಳಿಸು." ಲೋಕದಲ್ಲಿ ದೇವರಿಗೆ ಬಗೆಬಗೆಯ ಮೊರೆಗಳು ಮುಟ್ಟುತ್ತವೆ, ಇಂಥದು ಅಲ್ಲಿಯೂ ಅಪರೂಪವಾಗಿದ್ದಿರಬೇಕು.

ವಾರದ ಕೊನೆಗೆ ಅವನು ಹೆಂಡತಿಯ ಮುಂದೆ ನಿಂತು, "ಅಂಗಡಿ ಮುಚ್ಚಿಬಿಡ್ತೀನಿ ಕಣೇ," ಎಂದನು.

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ಮುಚ್ಚಿ?"

"ಪಕ್ಕದವರ ಹತ್ರ ಬೀಗದ ಕೈ ಮಾಡೋದು ಕಲೀತೀನಿ. ಅದಕ್ಕೆ ಕಿವಿ ಬೇಡ."

"ಸ್ವಂತ ಮನೆ ಬೀಗದ ಕೈ ಎಲ್ಲಿಟ್ಟಿದೀರಿ ಅಂತ ಇವತ್ತಿಗೂ ಗೊತ್ತಿಲ್ಲ ನಿಮಗೆ. ಊರವರ ಬೀಗ ಕಾಯ್ತಾರಂತೆ!" ಎಂದಳು. ಬೈದಳಾದರೂ ಅವಳ ದನಿ ಒದ್ದೆಯಾಗಿತ್ತು. ಮದುವೆಯಾದ ಹೊಸದರಲ್ಲಿ, ಅವಳ ತವರಿನ ಕೆಟ್ಟ ರೇಡಿಯೋವನ್ನು ಸರಿಮಾಡಿಕೊಟ್ಟು, ಅದು ಹಾಡಿದಾಗ ತಾನೇ ಹಾಡಿದಂತೆ ನಾಚಿಕೊಂಡಿದ್ದ ಮನುಷ್ಯನಿವನು. ಸದ್ದಿಲ್ಲದ ಕೆಲಸದಲ್ಲಿ ಇವನು ಬದುಕುವುದು ಹೇಗೆ?

ಅವನು ಹೋಗಿ ಕುರ್ಚಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತನು. ಕಿಟಕಿಯ ಬಳಿ ಹೊಸ ಉಣ್ಣೆಯ ಲಡಿಯನ್ನು ಬಿಚ್ಚಿ ಉಂಡೆ ಸುತ್ತಲು ಆಧಾರವಿಲ್ಲದೆ ಅತ್ತೆ ಒದ್ದಾಡುತ್ತಿದ್ದಳು.

"ಅಳಿಯಂದ್ರೇ, ಆ ಕೈ ಸುಮ್ನೆ ತಲೆ ಮೇಲೆ ಯಾಕೆ? ಇಲ್ಲಿ ಕೊಡಿ."

ಎದುರಾಡುವ ಅಭ್ಯಾಸ ಅವನಿಗಿರಲಿಲ್ಲ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿದನು. ಅತ್ತೆಯು ತನ್ನ ಕುರ್ಚಿಯನ್ನು ಅವನೆದುರಿಗೆ ಎಳೆದುಕೊಂಡು, ಲಡಿಯನ್ನು ಅವನ ಮುಂಗೈಗಳಿಗೆ ತೊಡಿಸಿ, "ನೆಟ್ಟಗೆ ಹಿಡೀರಿ, ಅಲ್ಲಾಡಿಸಿದ್ರೆ ಗಂಟಾಗುತ್ತೆ," ಎಂದು ಉಂಡೆ ಸುತ್ತತೊಡಗಿದಳು. ಗಂಡನು ಬಂಧಿತನಂತೆ ಕೈ ಚಾಚಿ ಕೂತದ್ದನ್ನು ಕಂಡು ಹೆಂಡತಿಗೆ ಮರುಕ ಹುಟ್ಟಿತು. ಮನಸ್ಸು ಹಗುರಾಗಲೆಂದು, ಅವನಿಗೆ ಪ್ರಿಯವಾದ ಹಾಡೊಂದನ್ನು ಹಾಕಿದಳು. ಪಿಟೀಲು ನುಡಿಯಿತು. ಹೆಂಗಸು ಹಾಡಿದಳು. ದೊಡ್ಡ ಡ್ರಮ್ಮಿನ ಮೇಲೆ ಮೊದಲ ಪೆಟ್ಟು ಬಿದ್ದಿತು.

ಬರ್ರ್ರ್ರ್.

ಕಿವಿಯಣ್ಣ ಅಲ್ಲಾಡಲಿಲ್ಲ. ಇನ್ನೊಂದು ಪೆಟ್ಟು. ಬರ್ರ್ರ್ರ್.

"ಅದೇನದು?" ಎಂದನು, ಪಿಸುದನಿಯಲ್ಲಿ.

"ಯಾವುದು ರೀ?"

"ಅದು! ಈಗ ಬಂತಲ್ಲ!"

"ಅದೇ ರೀ ಅದು. ಬರ್ರ್."

"ಕೇಳಿಸ್ತು!" ಎಂದು ಅವನು ಚಂಗನೆ ಎದ್ದನು. "ಕೇಳಿಸ್ತು ಕಣೇ! ಅಯ್ಯೋ, ಎಂಥ ಕೆಟ್ಟ ಸದ್ದು! ಎಷ್ಟು ಚೆನ್ನಾಗಿದೆ!" ಎಂದು ಕೈಯಲ್ಲಿ ಲಡಿ ಹೊತ್ತುಕೊಂಡೇ ಹಜಾರದ ನಡುವೆ ಕುಣಿದನು. ಉಣ್ಣೆಯ ಇನ್ನೊಂದು ತುದಿಯ ಉಂಡೆಯನ್ನು ಬಿಡದೆ ಹಿಡಿದಿದ್ದ ಅತ್ತೆ, "ಗಂಟಾಯ್ತು! ಗಂಟಾಯ್ತು!" ಎಂದು ಕೂಗುತ್ತ ಕುರ್ಚಿಯಿಂದೆದ್ದು, ಬೇರೆ ದಾರಿಯಿಲ್ಲದೆ ಅವನೊಡನೆ ಒಂದು ಸುತ್ತು ಬಂದಳು. ಅವರ ಕಣ್ಣಮುಂದೆಯೇ ಪೆಟ್ಟಿಗೆಯು ಮನಸಾರೆ ಬರ್ರೆನ್ನುತ್ತಿತ್ತು.

ಸಂತೋಷ ಸ್ವಲ್ಪ ಇಳಿದ ಮೇಲೆ ಅಭ್ಯಾಸವು ತಲೆಯೆತ್ತಿತು. ಅವನು ಹೋಗಿ, ಕಟ್ಟಿದಂತಿದ್ದ ಎರಡೂ ಅಂಗೈಗಳನ್ನು ಪೆಟ್ಟಿಗೆಯ ಬೆನ್ನಿಗೆ ಒತ್ತಿದನು. ಬರ್ರೆಂಬುದು ನಿಂತಿತು. ಅವನ ಮುಖ ಬಾಡಿತು.

"ಮತ್ತೆ ಹೋಯ್ತು ಕಣೇ. ಕಿವಿ ಮತ್ತೆ ಹೋಯ್ತು."

ಹೆಂಡತಿಯು ಪೆಟ್ಟಿಗೆಯನ್ನು ನೋಡಿದಳು, ಕೈಗಳನ್ನು ನೋಡಿದಳು. "ರೀ," ಎಂದಳು, ಮೆಲ್ಲಗೆ. "ಕೈ ತೆಗೀರಿ."

ತೆಗೆದನು. ಬರ್ರ್ರ್ರ್.

"ಇಡಿ."

ಇಟ್ಟನು. ನಿರ್ಮಲ.

"ತೆಗೀರಿ."

ಬರ್ರ್ರ್ರ್.

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ನೆಲದ ಮೇಲೆಯೇ ಕುಸಿದು ನಕ್ಕಳು. "ಅದರ ಬಾಯಿ ಒತ್ತಿ ಹಿಡ್ಕೊಂಡು, ಯಾಕೆ ಮಾತಾಡ್ತಿಲ್ಲ, ಯಾಕೆ ಮಾತಾಡ್ತಿಲ್ಲ ಅಂತ ಕೇಳ್ತಿದ್ರಲ್ರೀ!"

ಬೆನ್ನಿನ ಹಲಗೆಯ ಒಂದು ಮೂಲೆಯ ತಿರುಪು ಸಡಿಲವಾಗಿತ್ತು, ಅಷ್ಟೆ. ಡ್ರಮ್ಮಿನ ದಪ್ಪ ದನಿಗೆ ಹಲಗೆ ನಡುಗಿ ಬರ್ರೆನ್ನುತ್ತಿತ್ತು; ಅಂಗೈ ಬಿದ್ದರೆ ನಡುಕ ನಿಲ್ಲುತ್ತಿತ್ತು. ಕಿವಿಯಣ್ಣ ಕೈಯಿಟ್ಟನು, ತೆಗೆದನು, ಇಟ್ಟನು, ತೆಗೆದನು. ಹಬ್ಬದ ಪೀಪಿ ಸಿಕ್ಕ ಮಗುವಿನಂತೆ ಅವನಿಗೆ ಸಾಕೆನಿಸಲಿಲ್ಲ. ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ತಿರುಪನ್ನು ಬಿಗಿಮಾಡಿದನು. ಕೈಯಿಲ್ಲದೆಯೇ ಹಾಡು ಕೊನೆಯವರೆಗೂ ತಿಳಿಯಾಗಿ ಹರಿಯಿತು.

"ಈಗ ಹೇಗಿದೆ ಅತ್ತೆ?"

"ಇದೆ, ಇದೆ," ಎಂದಳು ಅತ್ತೆ, ಗಂಟು ಬಿಡಿಸುತ್ತ.

ಮರುದಿನ ಬೆಳಗ್ಗೆ ಅವನು ಓಡಿದ್ದು ಮೇಡಂ ಬಿಟ್ಟುಹೋದ ಪೆಟ್ಟಿಗೆಯ ಬಳಿಗೆ. ಆದರೆ ಹಾಡು ಹಾಕಿದೊಡನೆ ಕೈಗಳು ತಾವಾಗಿಯೇ ಹೋಗಿ ಅದರ ಮೇಲೆ ಕೂತವು. ಎಳೆದುಕೊಂಡರೂ ಮತ್ತೆ ಹೋದವು. ಇವು ಮಾತಿಗೆ ಬಗ್ಗುವ ಕೈಗಳಲ್ಲವೆಂದು ಕಂಡು, ಗೆಳೆಯನನ್ನು ಕರೆದನು. ಕ್ಷೌರಿಕನು ಗಿರಾಕಿಗಳಿಗೆ ಹೊದಿಸುವ ಬಟ್ಟೆಯಿಂದ ಅವನ ಕೈಗಳನ್ನು ಬೆನ್ನ ಹಿಂದೆ ಭದ್ರವಾಗಿ ಕಟ್ಟಿದನು. ಆಗ ಪೆಟ್ಟಿಗೆಯು ತನ್ನ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಕೊಂಡಿತು. ಅದೇ ಹೊತ್ತಿಗೆ ಮೇಡಂ ಬಾಗಿಲಲ್ಲಿ ಕಾಣಿಸಿಕೊಂಡರು. ಕೈ ಕಟ್ಟಿಸಿಕೊಂಡು, ಕಣ್ಣು ಮುಚ್ಚಿ, ಮುಖವರಳಿಸಿ ನಿಂತ ಕಿವಿಯಣ್ಣನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ಏನ್ರೀ ಇದು? ಯಾರು ಕಟ್ಟಿಹಾಕಿದ್ದು ಇವರನ್ನ?"

"ಗಾಬರಿಯಾಗಬೇಡಿ ಮೇಡಂ," ಎಂದನು ಕ್ಷೌರಿಕ. "ರಿಪೇರಿ ನಡೀತಿದೆ."

ಆ ಬಳಿಕ ಕಿವಿಯಣ್ಣ, ಹಿಂದೆ ತಾನು ಏನೂ ತೊಂದರೆಯಿಲ್ಲವೆಂದು ಹೇಳಿ ಕಳುಹಿಸಿದ್ದ ಪೆಟ್ಟಿಗೆಗಳನ್ನು ನೆನಪಿಗೆ ಬಂದಂತೆಲ್ಲ ಹುಡುಕಿಕೊಂಡು ಮನೆಮನೆಗೆ ಹೋದನು. ಕೈಗಳನ್ನು ಬೆನ್ನ ಹಿಂದೆ ಒಂದಕ್ಕೊಂದು ಹೆಣೆದುಕೊಂಡು, ಪರಿಶೀಲನೆಗೆ ಬಂದ ದೊಡ್ಡ ಅಧಿಕಾರಿಯಂತೆ ಹಜಾರಗಳಲ್ಲಿ ನಿಂತು ಆಲಿಸಿದನು. ಸಡಿಲವಾದ ಹಲಗೆಗಳನ್ನು ಬಿಗಿಮಾಡಿದನು. ತಪ್ಪಾಯಿತೆಂದು ಹೇಳಿ ಬಂದನು. ಜನರು ಬೇಸರಪಟ್ಟುಕೊಳ್ಳಲಿಲ್ಲ. ಅವರ ಆಕ್ಷೇಪಣೆ ಬೇರೆಯೇ ಆಗಿತ್ತು: "ಕೈ ಇಡಲೇ ಇಲ್ವಲ್ಲ ಕಿವಿಯಣ್ಣ! ಕೈ ಇಡದೆ ಅದೆಂಥ ರಿಪೇರಿ?" ಆದುದರಿಂದ ಇಂದಿಗೂ ಅವನು ಮೊದಲು ಕೈ ಹಿಂದೆ ಕಟ್ಟಿ ಆಲಿಸುತ್ತಾನೆ, ಆಮೇಲೆ ದೋಷವನ್ನು ತೆಗೆಯುತ್ತಾನೆ, ಕಟ್ಟಕಡೆಗೆ ಗಿರಾಕಿಯ ತೃಪ್ತಿಗೋಸ್ಕರ ಕಣ್ಣು ಮುಚ್ಚಿ ಎರಡೂ ಅಂಗೈಗಳನ್ನು ಪೆಟ್ಟಿಗೆಯ ಮೇಲಿಟ್ಟು, ಇಬ್ಬರ ಮುಖವೂ ಕೆಂಪಾಗುವವರೆಗೆ ಉಸಿರು ಬಿಗಿಹಿಡಿದು ನಿಲ್ಲುತ್ತಾನೆ.

ಇಂಥ ಕಿವಿಯಣ್ಣನ ಕಿವಿಗಳು ಮುಪ್ಪಿನವರೆಗೂ ಲೋಕದ ಸಣ್ಣ ಕೊರಗನ್ನೂ ಕೇಳುವಂತಿರಲಿ. ಅವನ ಕೈಗಳು ಕೆಟ್ಟದ್ದನ್ನು ಮುಚ್ಚದೆ ಸರಿಪಡಿಸುತ್ತಲೇ ಇರಲಿ. ಅವನ ಮಡದಿಯ ನಗೆ ಆ ಮನೆಯ ಬಾಗಿಲುಗಳನ್ನು ದಾಟಿ ಬೀದಿಗೂ ಕೇಳಿಸಲಿ. ಅವನ ಅತ್ತೆಯ ಮಾತು ಕಡೆಯವರೆಗೂ ಕಡೆಯ ಮಾತಾಗಿಯೇ ಉಳಿಯಲಿ. ಆ ಗೃಹದಲ್ಲಿ ಅನ್ನಕ್ಕೆ ಕೊರತೆಯೂ ಮಾತಿಗೆ ಬಡತನವೂ ಬಾರದಿರಲಿ. ಎಲ್ಲವನ್ನೂ ಆಲಿಸುವ ಭಗವಂತನು ಅವರೆಲ್ಲರನ್ನು ತನ್ನ ಕಿವಿಯಳತೆಯೊಳಗೇ ಇಟ್ಟು ಕಾಪಾಡಲಿ.